ಗಾಯ ತೊಳೆಯೋ ತೊಟ್ಟಿಯೇ ಸೋಂಕು ಹಂಚಿದಾಗ

ಗಾಯ ಆದ್ರೆ ಮೊದಲು ತೊಳ್ಕೋ ಅಂತ ಮನೇಲಿ ಹೇಳ್ತಾರಲ್ಲ, ಅದು ಸರಿಯಾದ ಮಾತೇ. ಅದೇ ಮಾತನ್ನು ಆಸ್ಪತ್ರೆಗಳು ಒಂದು ದೊಡ್ಡ ತೊಟ್ಟಿಗೆ ಇಳಿಸಿದಾಗ ಏನಾಯ್ತು? ಇವತ್ತಿನ ಕಥೆ ಅದು.

19ನೇ ಶತಮಾನದ ವಿಯೆನ್ನಾದಲ್ಲಿ ಚರ್ಮರೋಗ ವೈದ್ಯ ಫರ್ಡಿನಾಂಡ್ ಫಾನ್ ಹೆಬ್ರಾ, ಸುಟ್ಟಗಾಯದವರನ್ನು ದಿನಗಟ್ಟಲೆ ಬೆಚ್ಚಗಿನ ನೀರಿನಲ್ಲೇ ಇರಿಸುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಆಸ್ಪತ್ರೆಗಳು ಗಾಯಾಳು ಸೈನಿಕರ ಕೈಕಾಲುಗಳನ್ನು ಸುಳಿನೀರಿನ ತೊಟ್ಟಿಯಲ್ಲಿ ಇಳಿಸಿದವು. ಮುಂದೆ ಈ ವರ್ಲ್‌ಪೂಲ್ ಫಿಸಿಯೋಥೆರಪಿಯ ಭಾಗವಾಯಿತು. ಇಡೀ ಮೈ ಮುಳುಗಿಸೋಕೆ ಹಬ್ಬರ್ಡ್ ಟ್ಯಾಂಕ್ ಬಂತು.

ಆಗ ಆ್ಯಂಟಿಬಯೋಟಿಕ್ ಇರಲಿಲ್ಲ. ನೀರಲ್ಲಿ ನೆನೆದರೆ ಅಂಟಿಕೊಂಡ ಬ್ಯಾಂಡೇಜ್ ಸಲೀಸಾಗಿ ಬಿಡುತ್ತೆ, ಕೀವು ಮತ್ತು ಸತ್ತ ಚರ್ಮ ಸಡಿಲವಾಗುತ್ತೆ. ಲಾಭ ಕಣ್ಣಿಗೆ ಕಾಣುತ್ತಿತ್ತು.

ಕಾಣದೇ ಇದ್ದದ್ದು ಸ್ಯೂಡೋಮೊನಾಸ್ ಎರುಜಿನೋಸಾ ಅನ್ನೋ ಬ್ಯಾಕ್ಟೀರಿಯಾ. ಒದ್ದೆ ಪೈಪು, ಮೋರಿ, ನೀರು ಚಿಮ್ಮುವ ನಳಿಕೆ ಇದಕ್ಕೆ ಇಷ್ಟ. ಅಲ್ಲಿ ಲೋಳೆ ಪದರ ಕಟ್ಟಿಕೊಂಡು ಕೂತರೆ ಔಷಧಿ ಹಾಕಿ ತೊಳೆದರೂ ಸುಲಭಕ್ಕೆ ಹೋಗಲ್ಲ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ, ಒಂದೇ ಮೈಯಲ್ಲಿ ಒಂದು ಗಾಯದಿಂದ ಇನ್ನೊಂದಕ್ಕೆ ದಾಟುತ್ತೆ.

ಕೆನಡಾದ ಎಡ್ಮಂಟನ್‌ನ ವೈದ್ಯರು ತಮ್ಮ ಸುಟ್ಟಗಾಯದ ವಾರ್ಡಿನ ಲೆಕ್ಕವನ್ನು 1992ರಲ್ಲಿ ಪ್ರಕಟಿಸಿದರು. ತೊಟ್ಟಿ ಚಿಕಿತ್ಸೆ ನಿಲ್ಲಿಸಿದ ಮೇಲೆ ಈ ಸೋಂಕೂ ಕಡಿಮೆಯಾಗಿತ್ತು, ಅದರಿಂದ ಆಗೋ ಸಾವೂ ಕಡಿಮೆಯಾಗಿತ್ತು. ಹಿಂದೆ-ಮುಂದೆ ಹೋಲಿಸಿದ ಲೆಕ್ಕ ಇದು. ಬೇರೆ ಬದಲಾವಣೆಗಳ ಪಾಲೂ ಇರಬಹುದು. ಆದರೆ ತೊಟ್ಟಿಯಿಂದ ಸೋಂಕು ಹರಡಿದ ವರದಿಗಳು ಬೇರೆ ಆಸ್ಪತ್ರೆಗಳಿಂದಲೂ ಬಂದಿದ್ದವು. ಕೊನೆಗೆ 2014ರಲ್ಲಿ ಅಮೆರಿಕದ ಫಿಸಿಯೋಥೆರಪಿಸ್ಟ್‌ಗಳ ಸಂಘವೇ, ಗಾಯದ ಆರೈಕೆಗೆ ವರ್ಲ್‌ಪೂಲ್ ಬಳಸಬೇಡಿ ಅಂತ ತನ್ನವರಿಗೆ ಹೇಳಿತು. ತಾವೇ ಬೆಳೆಸಿದ ಚಿಕಿತ್ಸೆಯನ್ನು ತಾವೇ ಕೈಬಿಡೋದು ಸಣ್ಣ ಮಾತಲ್ಲ.

ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ನನಗೆ ಇಲ್ಲಿ ಕಂಡದ್ದು ಲೆಕ್ಕದ ತಪ್ಪು: ಜಮಾ ಬರೆದುಕೊಂಡರು, ಖರ್ಚಿನ ಕಾಲಂ ಬಹಳ ಕಾಲ ಖಾಲಿ ಬಿಟ್ಟರು.

ಹಾಗಂತ ನೀರು ವೈರಿಯಲ್ಲ. ಸಣ್ಣಪುಟ್ಟ ಗಾಯವನ್ನು ಕುಡಿಯೋ ಯೋಗ್ಯ ನಲ್ಲಿ ನೀರಲ್ಲಿ ತೊಳೆದರೆ ಸೋಂಕು ಹೆಚ್ಚುತ್ತೆ ಅನ್ನೋದಕ್ಕೆ ಅಧ್ಯಯನಗಳಲ್ಲಿ ಪುರಾವೆ ಸಿಕ್ಕಿಲ್ಲ. ಹರಿಯೋ ನೀರು ಕೊಳೆ ಹೊತ್ಕೊಂಡು ಹೋಗುತ್ತೆ, ನಿಂತು ಸುತ್ತೋ ನೀರು ಅದನ್ನೇ ವಾಪಸ್ ತರುತ್ತೆ. ಮುಂದಿನ ಸಲ ರೆಸಾರ್ಟಿಗೆ ಹೋದಾಗ ಮೈಮೇಲೆ ಗಾಯ ಇದ್ದರೆ ಹಾಟ್ ಟಬ್‌ಗೆ ಇಳಿಯಬೇಡಿ. ಕೆಂಪು ಹರಡ್ತಿದ್ರೆ, ಜ್ವರ ಬಂದ್ರೆ, ಡಾಕ್ಟರ್ ಹತ್ರ ಹೋಗಿ. ಸಿಗೋಣ.