ಜನಸಂಖ್ಯೆ ಮತ್ತು ಲೋಕಸಭಾ ಸ್ಥಾನ ಹಂಚಿಕೆ

ಭಾರತದಲ್ಲಿ ಜನಸಂಖ್ಯೆಯ ಬದಲಾವಣೆ ರಾಜಕೀಯ ಬಲವನ್ನು ನೇರವಾಗಿ ತಟ್ಟುವುದು ಕ್ಷೇತ್ರ ಪುನರ್ವಿಂಗಡಣೆಯ ಮೂಲಕ. ರಾಜ್ಯಗಳ ಲೋಕಸಭಾ ಸ್ಥಾನಗಳು ಜನಸಂಖ್ಯೆಗೆ ಅನುಗುಣವಾಗಿರಬೇಕು ಎನ್ನುತ್ತದೆ ಸಂವಿಧಾನದ 81ನೆಯ ವಿಧಿ. ಪ್ರತಿ ಜನಗಣತಿಯ ಬಳಿಕ ಅವನ್ನು ಸರಿಹೊಂದಿಸಬೇಕು ಎನ್ನುತ್ತದೆ 82ನೆಯ ವಿಧಿ. ಆದರೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಂದ 42ನೆಯ ತಿದ್ದುಪಡಿ (1976) 1971ರ ಜನಗಣತಿಯ ಲೆಕ್ಕವನ್ನೇ ಹಿಡಿದು ನಿಲ್ಲಿಸಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯಗಳು ಅದೇ ಕಾರಣಕ್ಕೆ ಸ್ಥಾನ ಕಳೆದುಕೊಳ್ಳಬಾರದೆಂಬುದು ಆಗಿನ ವಾದ. 84ನೆಯ ತಿದ್ದುಪಡಿ (2001) ಈ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು.

ಕರ್ನಾಟಕ ಮತ್ತು ರಾಜಸ್ಥಾನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದರ ಪರಿಣಾಮ ಸ್ಪಷ್ಟವಾಗುತ್ತದೆ. 1971ರಲ್ಲಿ ಕರ್ನಾಟಕದಲ್ಲಿ 2.93 ಕೋಟಿ, ರಾಜಸ್ಥಾನದಲ್ಲಿ 2.58 ಕೋಟಿ ಜನರಿದ್ದರು. ಆ ಲೆಕ್ಕದಂತೆ ದೊರೆತ ಸ್ಥಾನಗಳು 28 ಮತ್ತು 25. ಎರಡೂ ಕಡೆ ಒಬ್ಬ ಸಂಸದನಿಗೆ ಸುಮಾರು 10 ಲಕ್ಷ ಜನ. 2011ರ ಹೊತ್ತಿಗೆ ಕರ್ನಾಟಕ 6.11 ಕೋಟಿಯಾದರೆ ರಾಜಸ್ಥಾನ 6.85 ಕೋಟಿಗೆ ಏರಿತ್ತು. ಸ್ಥಾನಗಳು ಮಾತ್ರ ಅಷ್ಟೇ. ಹೀಗಾಗಿ ಕರ್ನಾಟಕದ ಸಂಸದ ಸುಮಾರು 22 ಲಕ್ಷ ಜನರನ್ನು ಪ್ರತಿನಿಧಿಸಿದರೆ ರಾಜಸ್ಥಾನದವನು 27 ಲಕ್ಷ ಜನರನ್ನು ಪ್ರತಿನಿಧಿಸುತ್ತಿದ್ದ; ಕೇರಳದಲ್ಲಿ ಈ ಸಂಖ್ಯೆ 17 ಲಕ್ಷವನ್ನೂ ಮುಟ್ಟಲಿಲ್ಲ. ಪ್ರತಿ ಮತಕ್ಕೂ ಸಮಾನ ಬೆಲೆ ಎಂಬ ತತ್ವ ಇಲ್ಲಿ ಸೊರಗಿದೆ ಎಂಬ ಉತ್ತರದ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ರಾಜ್ಯದ ಒಳಗಿನ ಕ್ಷೇತ್ರ ಗಡಿಗಳಿಗೆ 2001ರ ಈ ವಿಸ್ತರಣೆ ಅನ್ವಯಿಸಲಿಲ್ಲ. 87ನೆಯ ತಿದ್ದುಪಡಿಯಂತೆ (2003) ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ 2001ರ ಜನಗಣತಿ ಆಧರಿಸಿ ಕ್ಷೇತ್ರಗಳ ಗಡಿಗಳನ್ನು ಮತ್ತೆ ಗುರುತಿಸಿತು. ಅದರಂತೆ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ಕರ್ನಾಟಕದಲ್ಲಿ, 2008ರ ಮೇ ತಿಂಗಳಲ್ಲಿ. ಒಟ್ಟು ಸ್ಥಾನ 224 ಆಗಿಯೇ ಉಳಿಯಿತು. ಬೆಂಗಳೂರು ನಗರ ಜಿಲ್ಲೆಯ ಕ್ಷೇತ್ರಗಳು 28ಕ್ಕೆ ಏರಿದವು. ಮಿತಿಮೀರಿ ಬೆಳೆದಿದ್ದ ಉತ್ತರಹಳ್ಳಿ ಕ್ಷೇತ್ರ ಒಡೆದು, ಆ ಹೆಸರೇ ಪಟ್ಟಿಯಿಂದ ಹೋಯಿತು. ರಾಜಧಾನಿ ಗಳಿಸಿದ್ದನ್ನು ಉಳಿದ ಜಿಲ್ಲೆಗಳು ಬಿಟ್ಟುಕೊಡಬೇಕಾಯಿತು.

ತೆರಿಗೆ ಹಂಚಿಕೆಯಲ್ಲೂ ಲೆಕ್ಕ ಬದಲಾಗಿದೆ. ಹದಿನೈದನೆಯ ಹಣಕಾಸು ಆಯೋಗ 1971ರ ಜನಸಂಖ್ಯೆಯನ್ನು ಕೈಬಿಟ್ಟು 2011ರದ್ದನ್ನು ಬಳಸಿತು. ಜನನ ಪ್ರಮಾಣ ತಗ್ಗಿಸಿದ ರಾಜ್ಯಗಳಿಗಾಗಿ ಶೇ 12.5ರಷ್ಟು ತೂಕ ಇಟ್ಟರೂ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಈ ಇಳಿಕೆಗೆ ತಲಾ ಆದಾಯದ ಮಾನದಂಡವೂ ಕಾರಣ. ಜನಸಂಖ್ಯೆಯೊಂದನ್ನೇ ದೂರುವುದು ಸರಿಯಲ್ಲ.

ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಟ್ಟ 106ನೆಯ ತಿದ್ದುಪಡಿಯೂ (2023) ಅದರ ಜಾರಿಯನ್ನು ಮುಂದಿನ ಜನಗಣತಿ ಮತ್ತು ಪುನರ್ವಿಂಗಡಣೆಗೇ ಗಂಟು ಹಾಕಿತು.