ರಾತ್ರಿ ಪಾಳಿ ಮತ್ತು ಜೈವಿಕ ಗಡಿಯಾರ

ರಾತ್ರಿ ಪಾಳಿ ಎಂದರೆ ಬಹುಪಾಲು ಜನರು ನಿದ್ರಿಸುವ ಹೊತ್ತಿನಲ್ಲಿ ನಡೆಯುವ ಕೆಲಸದ ಸರದಿ. ಜೈವಿಕ ಗಡಿಯಾರವು ನಿದ್ರೆ, ಎಚ್ಚರ, ದೇಹದ ಉಷ್ಣತೆ, ಹಾರ್ಮೋನುಗಳ ಸ್ರವಿಕೆ ಮತ್ತು ಜೀರ್ಣಕ್ರಿಯೆಗಳನ್ನು ಸುಮಾರು 24 ಗಂಟೆಗಳ ಆವರ್ತದಲ್ಲಿ ನಿಯಂತ್ರಿಸುವ ದೇಹದ ಆಂತರಿಕ ವ್ಯವಸ್ಥೆ. ರಾತ್ರಿ ಪಾಳಿಯಲ್ಲಿ ದುಡಿಯುವವರಲ್ಲಿ ಕೆಲಸದ ವೇಳೆಗೂ ಈ ಗಡಿಯಾರಕ್ಕೂ ಹೊಂದಾಣಿಕೆ ತಪ್ಪುತ್ತದೆ. ಇದರಿಂದ ನಿದ್ರೆಯ ಅವಧಿ ಕುಗ್ಗುವುದಲ್ಲದೆ, ನಿದ್ರೆ ಮತ್ತು ಊಟಗಳೆರಡೂ ದೇಹವು ಅವುಗಳಿಗೆ ಸಿದ್ಧವಾಗಿರದ ವೇಳೆಗೆ ಬೀಳುತ್ತವೆ.

ಗಡಿಯಾರದ ಕಾರ್ಯವಿಧಾನ

1729ರಲ್ಲಿ ಫ್ರಾನ್ಸಿನ ವಿಜ್ಞಾನಿ ಡಿ ಮೈರಾನ್, ಕತ್ತಲಲ್ಲಿಟ್ಟ ಮುಟ್ಟಿದರೆ ಮುನಿ ಜಾತಿಯ ಗಿಡದ ಎಲೆಗಳು ಹಗಲಿನ ವೇಳೆಗೆ ಅರಳಿ ರಾತ್ರಿಯ ವೇಳೆಗೆ ಮುದುಡುವುದನ್ನು ವರದಿ ಮಾಡಿದನು. ಈ ಲಯದ ಹಿಂದಿರುವ ಜೀನುಗಳ ಕಾರ್ಯವನ್ನು ಹಣ್ಣುನೊಣಗಳಲ್ಲಿ ವಿವರಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬ್ಯಾಷ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಮನುಷ್ಯರಲ್ಲಿ ಮುಖ್ಯ ಗಡಿಯಾರವು ಮೆದುಳಿನ ಹೈಪೊಥಲಾಮಸ್‌ನಲ್ಲಿರುವ ಸುಮಾರು 20,000 ನರಕೋಶಗಳ ಗುಂಪು. ಯಕೃತ್ತು, ಮೇದೋಜೀರಕ ಗ್ರಂಥಿ ಮುಂತಾದ ಅಂಗಗಳಿಗೂ ತಮ್ಮದೇ ಗಡಿಯಾರಗಳಿವೆ. ಮನುಷ್ಯರ ಆಂತರಿಕ ದಿನವು ಸರಾಸರಿ 24 ಗಂಟೆಗಳಿಗಿಂತ ತುಸು ದೀರ್ಘವಾಗಿದ್ದು, ಕಣ್ಣಿಗೆ ಬೀಳುವ ಬೆಳಕು ಅದನ್ನು ಪ್ರತಿದಿನ ಸರಿಹೊಂದಿಸುತ್ತದೆ. ಸಂಜೆ ಕತ್ತಲಾದಂತೆ ಮೆಲಟೋನಿನ್ ಹಾರ್ಮೋನಿನ ಸ್ರವಿಕೆ ಏರುತ್ತದೆ. ಬೆಳಗಿನ ಜಾವ ದೇಹದ ಉಷ್ಣತೆಯೂ ಜಾಗರೂಕತೆಯೂ ಕನಿಷ್ಠ ಮಟ್ಟಕ್ಕೆ ಇಳಿಯುತ್ತವೆ.

ಪಾಳಿ ಮುಗಿಸಿ ಮನೆಗೆ ಮರಳುವವರ ಕಣ್ಣಿಗೆ ಬೀಳುವ ಮುಂಜಾನೆಯ ಬೆಳಕು ಈ ಗಡಿಯಾರವನ್ನು ಮತ್ತೆ ಹಗಲಿನ ಲಯಕ್ಕೇ ಬಿಗಿಯುತ್ತದೆ. ಆದ್ದರಿಂದ ವರ್ಷಗಟ್ಟಲೆ ರಾತ್ರಿ ದುಡಿದವರಲ್ಲಿಯೂ ಪೂರ್ಣ ಹೊಂದಾಣಿಕೆ ವಿರಳ. ರಜೆಯ ದಿನಗಳಲ್ಲಿ ಮನೆಯವರೊಡನೆ ಹಗಲಿನ ದಿನಚರಿಗೆ ಮರಳಿದರೆ, ಆದ ಅಲ್ಪ ಹೊಂದಾಣಿಕೆಯೂ ಅಳಿಯುತ್ತದೆ.

ಪೂರ್ವ ಬೆಂಗಳೂರಿನಲ್ಲಿ ರಾತ್ರಿ ಪಾಳಿ

ಬೆಂಗಳೂರಿನ ದಂಡು ಪ್ರದೇಶ ಹಾಗೂ ಅದರ ಪೂರ್ವ ಭಾಗಗಳಲ್ಲಿ ಪಾಳಿ ಕೆಲಸ ಕಾರ್ಖಾನೆಗಳೊಡನೆ ಬೆಳೆಯಿತು. ಹಲಸೂರಿನ ಪೂರ್ವದಲ್ಲಿ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಸಂಸ್ಥೆಯೂ, ಕೆ. ಆರ್. ಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸಂಸ್ಥೆಯೂ ಆರಂಭವಾದವು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ದಾದಿಯರು ಹಾಗೂ ವೈದ್ಯರು ರಾತ್ರಿಯೂ ಕರ್ತವ್ಯದಲ್ಲಿರುತ್ತಾರೆ. 2011ರಲ್ಲಿ ನಮ್ಮ ಮೆಟ್ರೋ ಆರಂಭವಾದ ಬಳಿಕ ಬೈಯಪ್ಪನಹಳ್ಳಿಯ ಡಿಪೋದಲ್ಲಿ ರೈಲುಗಳ ರಾತ್ರಿ ನಿರ್ವಹಣೆಯೂ ಸೇರಿಕೊಂಡಿತು.

ಸಿ. ವಿ. ರಾಮನ್ ನಗರ ಮತ್ತು ವೈಟ್‌ಫೀಲ್ಡ್‌ನ ಕಚೇರಿಗಳಲ್ಲಿ ಪಾಳಿಯ ವೇಳೆಯನ್ನು ಬಹುಮಟ್ಟಿಗೆ ಗ್ರಾಹಕರ ದೇಶ ನಿರ್ಧರಿಸುತ್ತದೆ. ಬ್ರಿಟನ್ನಿನ ಬೆಳಗಿನ 9ರಿಂದ ಸಂಜೆ 5ರ ವೇಳೆಯು ಚಳಿಗಾಲದಲ್ಲಿ ಭಾರತದ ಮಧ್ಯಾಹ್ನ 2.30ರಿಂದ ರಾತ್ರಿ 10.30ಕ್ಕೆ ಸಮ. ನ್ಯೂಯಾರ್ಕಿನ ಅದೇ ವೇಳೆಯು ಇಲ್ಲಿನ ರಾತ್ರಿ 7.30ರಿಂದ ನಸುಕಿನ 3.30ಕ್ಕೆ ಸಮವಾಗುತ್ತದೆ. ಬೇಸಿಗೆಯಲ್ಲಿ ಆ ದೇಶಗಳು ಗಡಿಯಾರವನ್ನು ಮುಂದಿಡುವುದರಿಂದ ಎರಡೂ ಒಂದು ಗಂಟೆ ಹಿಂದೆ ಸರಿಯುತ್ತವೆ. ಬ್ರಿಟನ್ನಿನ ಗ್ರಾಹಕರಿಗಾಗಿ ದುಡಿಯುವವರು ರಾತ್ರಿಯ ನಿದ್ರೆಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಲ್ಲರು. ಅಮೆರಿಕದ ಗ್ರಾಹಕರಿಗಾಗಿ ದುಡಿಯುವವರು ಅದನ್ನು ಹಗಲಿಗೆ ದೂಡಬೇಕಾಗುತ್ತದೆ.

ಆರೋಗ್ಯದ ಮೇಲಿನ ಪರಿಣಾಮಗಳು

ವಯಸ್ಕರಿಗೆ ಪ್ರತಿದಿನ ಕನಿಷ್ಠ 7 ಗಂಟೆಗಳ ನಿದ್ರೆ ಅಗತ್ಯವೆಂದು ಅಮೆರಿಕದ ನಿದ್ರಾವೈದ್ಯಕೀಯ ಸಂಘಗಳು 2015ರಲ್ಲಿ ಶಿಫಾರಸು ಮಾಡಿದವು. ಹಗಲಿನ ನಿದ್ರೆ ಸಾಮಾನ್ಯವಾಗಿ ಇದಕ್ಕಿಂತ ಗಿಡ್ಡದು. ಬೆಳಕು, ಬಿಸಿಲು, ಬೀದಿಯ ಸದ್ದುಗಳ ಜೊತೆಗೆ ಏರುತ್ತಿರುವ ದೇಹದ ಉಷ್ಣತೆಯೂ ಮಲಗಿದವರನ್ನು ಬೇಗ ಎಬ್ಬಿಸುತ್ತದೆ.

ಜಾಗರೂಕತೆ: 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸತತ 14 ದಿನ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿಯು, ಎರಡು ರಾತ್ರಿಗಳವರೆಗೆ ನಿದ್ರೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಆದರೆ ತಮ್ಮ ಸಾಮರ್ಥ್ಯ ಇಷ್ಟು ಕುಗ್ಗಿದೆಯೆಂಬುದು ಅವರ ಅರಿವಿಗೆ ಬಂದಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ದ್ವಿಚಕ್ರ ವಾಹನ ಓಡಿಸುವುದು ಈ ಕಾರಣಕ್ಕೆ ಅಪಾಯಕಾರಿ.

ಚಯಾಪಚಯ: 2009ರಲ್ಲಿ ಬಾಸ್ಟನ್ನಿನ ಸಂಶೋಧಕರು 10 ಸ್ವಯಂಸೇವಕರನ್ನು 28 ಗಂಟೆಗಳ ಕೃತಕ ದಿನಚರಿಯಲ್ಲಿಟ್ಟು ಪರೀಕ್ಷಿಸಿದರು. ದಿನಚರಿಯು ಗಡಿಯಾರಕ್ಕೆ ವಿರುದ್ಧವಾಗಿದ್ದಾಗ ರಕ್ತದ ಗ್ಲೂಕೋಸ್ ಹಾಗೂ ರಕ್ತದೊತ್ತಡ ಏರಿದವು. ಪೂರ್ಣ ಮಾಹಿತಿ ಲಭ್ಯವಿದ್ದ 8 ಮಂದಿಯಲ್ಲಿ 3 ಮಂದಿಯ ಊಟದ ನಂತರದ ಗ್ಲೂಕೋಸ್ ಮಧುಮೇಹಪೂರ್ವ ಮಟ್ಟ ಮುಟ್ಟಿತು. ದೀರ್ಘಕಾಲದ ಪಾಳಿ ಕೆಲಸಕ್ಕೂ ಮಧುಮೇಹ, ಹೃದ್ರೋಗಗಳಿಗೂ ಇರುವ ಸಂಬಂಧವನ್ನು ಜನಸಮೂಹಗಳ ಅಧ್ಯಯನಗಳು ತೋರಿಸಿವೆ.

ಕ್ಯಾನ್ಸರ್: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2007ರಲ್ಲಿ ಹಾಗೂ ಮತ್ತೆ 2019ರಲ್ಲಿ ರಾತ್ರಿ ಪಾಳಿಯನ್ನು ಮಾನವರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗದಲ್ಲಿ ಸೇರಿಸಿತು. ಈ ವರ್ಗೀಕರಣವು ಸಾಕ್ಷ್ಯದ ಬಲವನ್ನು ಸೂಚಿಸುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ.

ಕಾನೂನು

1948ರ ಕಾರ್ಖಾನೆಗಳ ಕಾಯಿದೆಯು ವಾರದ ದುಡಿಮೆಗೆ 48 ಗಂಟೆಗಳ ಮಿತಿ ಹಾಕಿತು. ನಡುರಾತ್ರಿ ದಾಟುವ ಪಾಳಿಯವರಿಗೆ ರಜೆಯ ದಿನವೆಂದರೆ ಪಾಳಿ ಮುಗಿದ ಕ್ಷಣದಿಂದ ಮುಂದಿನ 24 ಗಂಟೆಗಳು ಎಂದು ಅದರ 57ನೆಯ ಕಲಮು ಹೇಳಿತು. ಹೀಗೆ ಕಾನೂನಿನ ದಿನವು ಪಾಳಿಯೊಡನೆ ಸರಿಯಿತು; ದೇಹದ ದಿನ ಹಾಗೆ ಸರಿಯುವುದಿಲ್ಲ. ಬೆಳಗ್ಗೆ 6ಕ್ಕೆ ಕೆಲಸ ಬಿಟ್ಟವರಿಗೆ ಸಿಗುವ ಇಂತಹ ರಜೆಯ ಮೊದಲ ಭಾಗವು ಹಗಲಿನ ಅರೆನಿದ್ರೆಯಲ್ಲಿಯೇ ಕಳೆಯುತ್ತದೆ. ಕರ್ನಾಟಕವು 2023ರಲ್ಲಿ ಈ ಕಾಯಿದೆಗೆ ತಿದ್ದುಪಡಿ ತಂದು, ಸುರಕ್ಷತಾ ಷರತ್ತುಗಳೊಡನೆ ಮಹಿಳೆಯರ ರಾತ್ರಿ ಪಾಳಿಗೆ ಅವಕಾಶ ನೀಡಿತು.

ಹಾನಿ ತಗ್ಗಿಸುವ ಕ್ರಮಗಳು

ಪಾಳಿಗಳನ್ನು ಬೆಳಗು, ಮಧ್ಯಾಹ್ನ, ರಾತ್ರಿ ಎಂಬ ಮುಮ್ಮುಖ ಕ್ರಮದಲ್ಲಿ ಬದಲಿಸುವುದು ದೇಹಕ್ಕೆ ಸುಲಭ. 24 ಗಂಟೆಗಿಂತ ದೀರ್ಘವಾದ ಆಂತರಿಕ ದಿನವು ಮುಂದೂಡಿಕೆಗೆ ಹೆಚ್ಚು ಒಗ್ಗುತ್ತದೆ. ಪಾಳಿಗೆ ಮುನ್ನ ಕಿರುನಿದ್ರೆ, ಪಾಳಿಯ ಮೊದಲರ್ಧಕ್ಕೆ ಸೀಮಿತವಾದ ಕಾಫಿ, ನಡುರಾತ್ರಿಯ ನಂತರ ಲಘು ಆಹಾರ, ಮನೆಯಲ್ಲಿ ಕತ್ತಲಾಗಿಸಿದ ಕೋಣೆ ಇವು ಸಹಕಾರಿ. ಆದರೆ ಪಾಳಿಯ ಪಟ್ಟಿಯನ್ನು ಸಿದ್ಧಪಡಿಸುವವರು ಉದ್ಯೋಗದಾತರಾದ್ದರಿಂದ, ಇಂತಹ ಕ್ರಮಗಳಲ್ಲಿ ಮೊದಲನೆಯದು ನೌಕರರ ಕೈಯಲ್ಲಿರುವುದಿಲ್ಲ.

ಸಂಶೋಧನೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ರೆಯ ಕುರಿತು, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹಣ್ಣುನೊಣಗಳ ಜೈವಿಕ ಗಡಿಯಾರದ ಕುರಿತು ಸಂಶೋಧನೆಗಳು ನಡೆದಿವೆ.

ಇವನ್ನೂ ನೋಡಿ

ನಿದ್ರೆ
ನಿದ್ರಾಹೀನತೆ
ಮೆಲಟೋನಿನ್
ಮಧುಮೇಹ
ಭಾರತೀಯ ಪ್ರಮಾಣಿತ ಕಾಲಮಾನ