ಒಬ್ಬರೇ ಆಡುವ ಕಡಲ ಯುದ್ಧ

ಚದುರಂಗಕ್ಕಾಗಲಿ ಪಗಡೆಗಾಗಲಿ ಎದುರಿಗೊಬ್ಬರು ಕೂರಬೇಕು. ಯುದ್ಧದ ಆಟವಂತೂ ಶತ್ರುವಿಲ್ಲದೆ ನಡೆಯುವುದೇ ಇಲ್ಲ ಎಂದುಕೊಳ್ಳುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಶ್ಯದ ಸೇನಾಧಿಕಾರಿಗಳು ತರಬೇತಿಗೆಂದು ಆಡುತ್ತಿದ್ದ ‘ಕ್ರೀಗ್‌ಸ್ಪೀಲ್’ನಲ್ಲೂ ಎರಡು ಪಕ್ಷಗಳು, ನಡುವೆ ಒಬ್ಬ ತೀರ್ಪುಗಾರ. ಆದರೆ ಮೇಜಿನ ಮೇಲಿನ ಯುದ್ಧದಾಟಗಳಲ್ಲಿ ಒಬ್ಬರೇ ಕೂತು ಆಡುವ ಬಗೆಯೂ ಒಂದಿದೆ. ಅದರೊಳಗೆ ಜಲಾಂತರ್ಗಾಮಿಗಳ ಆಟಗಳದ್ದೇ ಒಂದು ಸಣ್ಣ ಪರಂಪರೆ. ವಸಾಹತು ಕಾಲದ ಬಂದರುಗಳ ದಾಖಲೆ ಓದುವುದು ನನ್ನ ಸಂಶೋಧನೆಯ ಭಾಗವಾದ್ದರಿಂದ ಈ ಆಟಗಳ ಕಡೆ ಕುತೂಹಲ ಹುಟ್ಟಿತು. ಈಗ ಹಾಸ್ಟೆಲಿನ ಮೇಜಿನ ಅರ್ಧ ಭಾಗ ಅವುಗಳದ್ದೇ.

ನಾನು ಹೆಚ್ಚು ಆಡಿರುವುದು 2013ರಲ್ಲಿ ಬಂದ ‘ದಿ ಹಂಟರ್ಸ್’. ರೂಪಿಸಿದವರು ಗ್ರೆಗರಿ ಎಂ. ಸ್ಮಿತ್. ಎರಡನೆಯ ಮಹಾಯುದ್ಧದಲ್ಲಿ 1939ರಿಂದ 1943ರವರೆಗಿನ ಜರ್ಮನ್ ಯು-ಬೋಟ್‌ಗಳ ಕತೆ ಅದು. ಬೇಕಾಗುವುದು ಒಂದು ದೋಣಿಯ ಹಲಗೆ, ಕೆಲವು ರಟ್ಟಿನ ಬಿಲ್ಲೆಗಳು, ದಾಳಗಳು, ಮತ್ತು ಕೋಷ್ಟಕಗಳು. ಕೋಷ್ಟಕಗಳೇ ಹೆಚ್ಚು. ದಾಳ ಉರುಳಿಸಿದರೆ ಈ ಸಲದ ಗಸ್ತು ಎಲ್ಲಿಗೆ ಎಂದು ತಿಳಿಯುತ್ತದೆ: ಬ್ರಿಟನ್ನಿನ ಸುತ್ತಲೋ, ಪಶ್ಚಿಮ ಆಫ್ರಿಕದ ಕರಾವಳಿಗೋ. ಒಂದೊಂದು ಮನೆ ದಾಟುವಾಗಲೂ ಮತ್ತೆ ದಾಳ. ಬಹಳ ಸಲ ಏನೂ ಇಲ್ಲ, ಬರೀ ನೀರು. ಕೆಲವೊಮ್ಮೆ ಒಂಟಿ ಹಡಗು, ಕೆಲವೊಮ್ಮೆ ಬೆಂಗಾವಲಿನೊಂದಿಗೆ ಸಾಗುವ ಹಡಗುಗಳ ಸಾಲು, ಕೆಲವೊಮ್ಮೆ ವಿಮಾನ. ಹತ್ತಿರ ಹೋಗುವುದೋ ದೂರದಿಂದಲೇ ಹೊಡೆಯುವುದೋ, ನೀರೊಳಗಿಂದಲೋ ರಾತ್ರಿ ಮೇಲೆ ಬಂದೋ, ಎಷ್ಟು ಟಾರ್ಪಿಡೊ ಖರ್ಚು ಮಾಡುವುದು, ಇಷ್ಟು ಮಾತ್ರ ನಮ್ಮ ಕೈಲಿ. ಉಳಿದದ್ದು ದಾಳದ ಕೈಲಿ.

ಇದರ ಅಜ್ಜನೆನ್ನಬಹುದಾದ ಆಟ 1980ರ ದಶಕದ ಆರಂಭದ್ದು, ‘ಬಿ-17: ಕ್ವೀನ್ ಆಫ್ ದಿ ಸ್ಕೈಸ್’. ಅದರಲ್ಲಿ ಒಂದು ಬಾಂಬರ್ ವಿಮಾನ, ಅದರ ಸಿಬ್ಬಂದಿ, ಒಂದರ ಹಿಂದೊಂದು ಹಾರಾಟ. ಆಟಗಾರ ಮಾಡುವುದಕ್ಕಿಂತ ಅವನಿಗೆ ಆಗುವುದೇ ಹೆಚ್ಚು ಎಂಬ ದೂರು ಅದರ ಮೇಲಿತ್ತು, ‘ದಿ ಹಂಟರ್ಸ್’ ಮೇಲೂ ಇದೆ. ಆದರೆ ನನಗೆ ಆ ದೂರೇ ಇದರ ಗುಣವಾಗಿ ಕಾಣುತ್ತದೆ. ಜಲಾಂತರ್ಗಾಮಿಯ ಕಮಾಂಡರನಿಗೆ ಕಾಣುತ್ತಿದ್ದುದು ಪೆರಿಸ್ಕೋಪಿನ ಒಂದು ವೃತ್ತ, ಅಷ್ಟೇ. ಮೇಲೆ ಯಾರಿದ್ದಾರೆ, ಬಾಂಬು ಎಷ್ಟು ಆಳದಲ್ಲಿ ಸಿಡಿಯುತ್ತದೆ ಎಂಬುದು ಅವನಿಗೂ ದಾಳದಷ್ಟೇ ಅಪಾರದರ್ಶಕ. ಹಾಗಾಗಿ ಎದುರಾಳಿಯಿಲ್ಲದ ಆಟ ಈ ಯುದ್ಧಕ್ಕೆ ಒಪ್ಪುತ್ತದೆ.

ಟಾರ್ಪಿಡೊ ಗುರಿಗೆ ತಾಗಿದ ಮೇಲೂ ಇನ್ನೊಂದು ದಾಳ ಇರುವುದು ನನಗೆ ಬಲು ಇಷ್ಟವಾದ ನಿಯಮ: ಸಿಡಿಯಿತೋ, ಹುಸಿಯಾಯಿತೋ? ಇದು ಆಟ ರೂಪಿಸಿದವರ ತುಂಟತನವಲ್ಲ. 1940ರ ಏಪ್ರಿಲ್‌ನಲ್ಲಿ ನಾರ್ವೆಯ ಕಡಲಲ್ಲಿ ಜರ್ಮನ್ ಟಾರ್ಪಿಡೊಗಳು ಸಾಲುಸಾಲಾಗಿ ಕೈಕೊಟ್ಟಿದ್ದವು. ಅಮೆರಿಕದವರ ಪಾಡು ಇನ್ನೂ ಕೆಟ್ಟದ್ದು. 1943ರ ಜುಲೈನಲ್ಲಿ ‘ಟಿನೋಸಾ’ ಎಂಬ ಅವರ ಜಲಾಂತರ್ಗಾಮಿ, ಪೆಸಿಫಿಕ್‌ನಲ್ಲಿ ನಿಂತುಹೋಗಿದ್ದ ಒಂದು ಜಪಾನಿ ಹಡಗಿಗೆ ಸಾವಕಾಶವಾಗಿ ಗುರಿಯಿಟ್ಟು ಒಂದಾದ ಮೇಲೊಂದು ಒಂಬತ್ತು ಟಾರ್ಪಿಡೊ ಬಿಟ್ಟಿತು. ಒಂದೂ ಸಿಡಿಯಲಿಲ್ಲ. ಕಮಾಂಡರ್ ಡ್ಯಾಸ್ಪಿಟ್ ಕೊನೆಯದೊಂದನ್ನು ಉಳಿಸಿಕೊಂಡು, ಪರೀಕ್ಷಿಸಿ ನೋಡಿ ಎಂದು ನೆಲೆಗೆ ಒಯ್ದ. ಇದೇ ಸ್ಮಿತ್ ಅವರು ಅಮೆರಿಕನ್ ಜಲಾಂತರ್ಗಾಮಿಗಳ ಮೇಲೆ ಮಾಡಿದ ‘ಸೈಲೆಂಟ್ ವಿಕ್ಟರಿ’ ಆಡುವವರಿಗೆ ಡ್ಯಾಸ್ಪಿಟ್‌ನ ಸಿಟ್ಟು ಚೆನ್ನಾಗಿ ಅರ್ಥವಾಗುತ್ತದೆ. ಪುಸ್ತಕದಲ್ಲಿ ಒಂದು ವಾಕ್ಯದಲ್ಲಿ ದಾಟಿಹೋಗುವ ಸಂಗತಿಯನ್ನು ಆಟ ಮೈಗೆ ಹತ್ತಿಸುತ್ತದೆ.

ವರ್ಷಗಳು ಕಳೆದಂತೆ ಆಟವೂ ಬದಲಾಗುತ್ತದೆ. 1940ರಲ್ಲಿ ಒಂಟಿ ಹಡಗುಗಳು ಧಾರಾಳ. 1942ರ ಹೊತ್ತಿಗೆ ವಿಮಾನಗಳು ಹೆಚ್ಚುತ್ತವೆ, ಬೆಂಗಾವಲಿನವರು ಪಳಗುತ್ತಾರೆ. 1943ರ ಮೇ ತಿಂಗಳೊಂದರಲ್ಲೇ ಜರ್ಮನಿ 41 ದೋಣಿಗಳನ್ನು ಕಳೆದುಕೊಂಡಿತು. ಮೇ 19ರಂದು ಮುಳುಗಿದ ಯು-954ರಲ್ಲಿ ನೌಕಾಪಡೆಯ ಮುಖ್ಯಸ್ಥ ಡೋನಿಟ್ಸ್‌ನ ಮಗ ಪೀಟರ್ ಇದ್ದ. ಐದು ದಿನದ ಬಳಿಕ ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ದೋಣಿಗಳನ್ನು ಹಿಂದಕ್ಕೆ ಕರೆಸಿಕೊಂಡ. ಯು-ಬೋಟ್‌ಗಳಲ್ಲಿ ದುಡಿದ ಸುಮಾರು 40 ಸಾವಿರ ಮಂದಿಯಲ್ಲಿ ಮುಕ್ಕಾಲು ಪಾಲು ಹಿಂತಿರುಗಲಿಲ್ಲ. ಆಟದಲ್ಲೂ ಬಹುಪಾಲು ಕಮಾಂಡರುಗಳ ಗತಿ ಅದೇ. ಸೋಲುವವರ ಕಡೆ ಕೂತಿದ್ದೇವೆ ಎಂಬುದನ್ನು ಆಟ ಮುಚ್ಚಿಡುವುದಿಲ್ಲ.

ಹಾಗಾದರೆ ಗೆಲುವೆಂದರೇನು? ಮುಳುಗಿಸಿದ ಟನ್ನುಗಳು. ಹಡಗು ಎದುರಾದೊಡನೆ ಪಟ್ಟಿಯಲ್ಲಿ ದಾಳ ಹಾಕಿ ಅದರ ಹೆಸರು ಹುಡುಕಬೇಕು. ಎಲ್ಲವೂ ನಿಜವಾದ ಹಡಗುಗಳ ಹೆಸರು, ಪಕ್ಕದಲ್ಲಿ ಟನ್ನು. ಅದನ್ನು ದಾಖಲೆ ಹಾಳೆಯಲ್ಲಿ ಬರೆದುಕೊಳ್ಳುತ್ತ ಹೋದರೆ ಲಕ್ಷದ ಹತ್ತಿರ ಬಂದಾಗ ನೈಟ್ಸ್ ಕ್ರಾಸ್ ಪದಕ. ಈ ಲೆಕ್ಕ ಡೋನಿಟ್ಸ್‌ನದೇ. ಯಾವ ಹಡಗು, ಏನು ಸರಕು ಎಂಬುದು ಮುಖ್ಯವಲ್ಲ, ತಿಂಗಳಿಗೆ ಸುಮಾರು 7 ಲಕ್ಷ ಟನ್ ಮುಳುಗಿಸಿದರೆ ಬ್ರಿಟನ್ ಮಣಿಯುತ್ತದೆ ಎಂಬುದು ಅವನ ಗಣಿತವಾಗಿತ್ತು. ಅಂದಹಾಗೆ ಈ ಟನ್ನು ತೂಕವೂ ಅಲ್ಲ, ಹಡಗಿನ ಒಳಗಿನ ಜಾಗದ ಅಳತೆ. ನೂರು ಘನ ಅಡಿಗೆ ಒಂದು ಟನ್ನು. ಎಂಟು ಸಾವಿರ ಟನ್ನಿನ ಟ್ಯಾಂಕರ್ ಸಿಕ್ಕಾಗ ನನಗೂ ಖುಷಿಯಾಗುತ್ತದೆ. ಆ ಖುಷಿ ಹುಟ್ಟುವಂತೆಯೇ ಹಾಳೆ ತಯಾರಾಗಿದೆ. ಅದರಲ್ಲಿ ಜನರಿಗೆ ಕಾಲಮ್ಮಿಲ್ಲ.

ನಿಜದ ಯುದ್ಧದಲ್ಲಿ ಒಮ್ಮೆ ಒಬ್ಬ ಕಮಾಂಡರ್ ಜನರನ್ನು ಎಣಿಸಿದ್ದುಂಟು. 1942ರ ಸೆಪ್ಟೆಂಬರ್ 12ರಂದು ಯು-156ರ ಹಾರ್ಟೆನ್‌ಸ್ಟೈನ್ ‘ಲಕೋನಿಯಾ’ ಎಂಬ ಬ್ರಿಟಿಷ್ ಹಡಗನ್ನು ಮುಳುಗಿಸಿದ. ನೀರಿನಿಂದ ಇಟಾಲಿಯನ್ ಭಾಷೆಯ ಕೂಗು ಕೇಳಿಸಿತು. ತನ್ನ ದೇಶದ ಮಿತ್ರಪಕ್ಷದ ನೂರಾರು ಯುದ್ಧಕೈದಿಗಳು ಅದರಲ್ಲಿದ್ದರು. ಅವನು ಸಿಕ್ಕಷ್ಟು ಮಂದಿಯನ್ನು, ಬ್ರಿಟಿಷರನ್ನೂ ಸೇರಿಸಿ, ಎತ್ತಿಕೊಂಡ. ಜೀವರಕ್ಷಕ ದೋಣಿಗಳನ್ನು ಹಿಂದೆ ಕಟ್ಟಿಕೊಂಡು ರೆಡ್ ಕ್ರಾಸ್ ಬಾವುಟ ಹಾಸಿದ. ಆದರೂ ಒಂದು ಅಮೆರಿಕನ್ ವಿಮಾನ ಬಾಂಬು ಹಾಕಿತು. ಸೆಪ್ಟೆಂಬರ್ 17ರಂದು ಡೋನಿಟ್ಸ್‌ನ ಆಜ್ಞೆ ಹೊರಟಿತು: ಮುಳುಗಿದ ಹಡಗಿನವರನ್ನು ಇನ್ನು ಮುಂದೆ ಯಾರೂ ರಕ್ಷಿಸಬಾರದು. ‘ದಿ ಹಂಟರ್ಸ್’ನಲ್ಲಿ ಈ ಆಜ್ಞೆಯ ಅಗತ್ಯವೇ ಬರುವುದಿಲ್ಲ, ನೀರಿನಲ್ಲಿ ಯಾರೂ ಕಾಣಿಸುವುದಿಲ್ಲವಲ್ಲ.

ಯುರೋಪಿನವರ ಜಗಳ, ನಮಗೇನು ಎಂದು ಇದನ್ನು ಪಕ್ಕಕ್ಕಿಡುವಂತಿಲ್ಲ. 1942ರ ನವೆಂಬರ್ 23ರ ನಸುಕಿನಲ್ಲಿ, ಮುಂಬಯಿಯಿಂದ ಮೊಂಬಾಸಾಗೆ ಹೊರಟಿದ್ದ ‘ತಿಲಾವಾ’ ಹಡಗಿಗೆ ಜಪಾನಿನ ಐ-29 ಜಲಾಂತರ್ಗಾಮಿ ಟಾರ್ಪಿಡೊ ಹೊಡೆಯಿತು. ಹತ್ತು ಸಾವಿರ ಟನ್ನಿನ ಹಡಗು. ಒಳಗೆ 958 ಜನ, ಪ್ರಯಾಣಿಕರಲ್ಲಿ ಬಹಳಷ್ಟು ಮಂದಿ ಆಫ್ರಿಕದಲ್ಲಿ ಬದುಕು ಕಟ್ಟಿಕೊಳ್ಳಲು ಹೊರಟಿದ್ದ ಭಾರತೀಯರು. ಮೊದಲ ಏಟಿಗೆ ಹಡಗು ಮುಳುಗಲಿಲ್ಲ ಎಂದು ಕೆಲವರು ದೋಣಿಗಳಿಂದ ಮತ್ತೆ ಮೇಲೆ ಹತ್ತಿದರು. ಆಮೇಲೆ ಎರಡನೆಯದು ಬಂತು. ಸತ್ತವರು 280. ಐದು ತಿಂಗಳ ನಂತರ, 1943ರ ಏಪ್ರಿಲ್ ಕೊನೆಯಲ್ಲಿ, ಮಡಗಾಸ್ಕರ್ ಹತ್ತಿರ ಸುಭಾಷ್‌ಚಂದ್ರ ಬೋಸ್ ಜರ್ಮನಿಯ ಯು-180ರಿಂದ ಇಳಿದು ಒಂದು ಜಪಾನಿ ಜಲಾಂತರ್ಗಾಮಿಯನ್ನು ಹತ್ತಿದರು. ಅದು ಇದೇ ಐ-29. ಶಾಲೆಯ ಪಾಠದಲ್ಲಿ ನಾವು ಓದಿರುವುದು ಈ ಎರಡನೆಯ ಸಂಗತಿಯನ್ನು ಮಾತ್ರ.

ತಿಲಾವಾದಲ್ಲಿ ಬೆಳ್ಳಿಯೂ ಇತ್ತು. 2017ರಲ್ಲಿ ಒಂದು ಕಂಪನಿ ಅದನ್ನು ಕಡಲ ತಳದಿಂದ ಎತ್ತಿತು, ದಕ್ಷಿಣ ಆಫ್ರಿಕದೊಂದಿಗಿನ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಟ್ಟು 2,364 ಗಟ್ಟಿಗಳು, ಒಂದೂ ಲೆಕ್ಕ ತಪ್ಪಿಲ್ಲ.

ಆಟದ ಪಟ್ಟಿಯಲ್ಲಿರುವ ಬ್ರಿಟಿಷ್ ಹಡಗುಗಳಲ್ಲಿಯೂ ನಮ್ಮವರಿದ್ದರು. ಯುದ್ಧ ಶುರುವಾದಾಗ ಬ್ರಿಟನ್ನಿನ ವಾಣಿಜ್ಯ ಹಡಗುಗಳ ನೌಕರರಲ್ಲಿ ಸುಮಾರು ಕಾಲುಭಾಗ ‘ಲಸ್ಕರ’ರು: ಸಿಲ್ಹೆಟ್‌ನವರು, ನಮ್ಮ ಕರಾವಳಿಯ ಪಕ್ಕದ ಗೋವಾ, ರತ್ನಗಿರಿಯವರು. ಬಿಳಿಯ ನಾವಿಕರಿಗಿಂತ ಬಹಳ ಕಡಿಮೆ ಸಂಬಳಕ್ಕೆ ಇವರಲ್ಲಿ ಅನೇಕರು ಹಡಗಿನ ತಳದಲ್ಲಿ ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದರು. ಟಾರ್ಪಿಡೊ ಹೊಗುವುದು ನೀರಿನ ಮಟ್ಟದ ಕೆಳಗೆ ಎಂಬುದನ್ನು ನೆನಪಿಡಬೇಕು. 1939ರಲ್ಲಿ ಯುದ್ಧ ಘೋಷಣೆಯಾದೊಡನೆ ಇವರು ಹೆಚ್ಚು ಸಂಬಳ ಕೇಳಿ ಮುಷ್ಕರ ಹೂಡಿದಾಗ ಹಲವರನ್ನು ಜೈಲಿಗೆ ಹಾಕಲಾಯಿತು.

ಸತ್ತವರಲ್ಲಿ ಸುಮಾರು ಆರು ಸಾವಿರ ಭಾರತೀಯ ವಾಣಿಜ್ಯ ನಾವಿಕರ ಹೆಸರುಗಳನ್ನು, ಇಲ್ಲಿನ ನೌಕಾಪಡೆಯ ನಾನೂರಕ್ಕೂ ಹೆಚ್ಚು ಹೆಸರುಗಳ ಜೊತೆ, ಒಂದು ಪುಸ್ತಕದಲ್ಲಿ ಬರೆದಿಡಲಾಗಿದೆ. ಅದಕ್ಕೆ ಎರಡು ಪ್ರತಿ: ಒಂದು ಚಿತ್ತಗಾಂಗ್‌ನಲ್ಲಿ, ಇನ್ನೊಂದು ಮುಂಬಯಿಯ ನಾವಿಕರ ವಸತಿಗೃಹದಲ್ಲಿ. ಇವರ್ಯಾರಿಗೂ ನೆಲದ ಮೇಲೆ ಗೋರಿಯಿಲ್ಲ. ಇತ್ತೀಚೆಗೆ ನಾನು ಆಟದಲ್ಲಿ ಮುಳುಗಿಸಿದ ಹಡಗುಗಳ ಹೆಸರನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಅವುಗಳ ಎಂಜಿನ್ ಕೋಣೆಯಲ್ಲಿ ಯಾರಿದ್ದರು ಎಂದು ಹುಡುಕುತ್ತಿದ್ದೇನೆ. ದಾಳಕ್ಕೆ ಒಂದು ಸಂಜೆ ಸಾಕಾಗುವಷ್ಟು ಹಡಗುಗಳಿಗೆ ನನಗೆ ತಿಂಗಳುಗಳೇ ಬೇಕಾಗುತ್ತಿವೆ. ಸದ್ಯಕ್ಕೆ ಮೂರನೆಯ ಹಡಗಿನಲ್ಲಿದ್ದೇನೆ.